ಬಾಗಿಲು ಡ್ಯೂಟಿ ಮೇಲೈತ್ರಿ

ಬೇರೆಯವರ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿದು, ಅವರದೇ ಗೋಡೆಯನ್ನು ಸುತ್ತಿಗೆಯಿಂದ ಕುಟ್ಟಿ, "ನಿಮ್ಮ ಮನೆ ಸರಿ ಇಲ್ಲ" ಅಂತ ಹೇಳಿ ಬರೋದು ನನ್ನ ಉದ್ಯೋಗ. ಇಂಥ ಉದ್ಯೋಗ ಇಟ್ಟುಕೊಂಡವಳಿಗೆ ದಿನಕ್ಕೊಂದು ಪ್ರಸಂಗ ಆಗದೆ ಇರುತ್ತದಾ? ಆಗೇ ಆಗುತ್ತದೆ. ಸೋಮವಾರವಾದರೆ ಎರಡು.

ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಕಟ್ಟಿಕೊಳ್ಳುವವರ ಕೆಲಸ ನೋಡಲು ನನ್ನನ್ನು ಗುತ್ತಿಗೆ ಮೇಲೆ ಇಟ್ಟುಕೊಂಡಿದ್ದಾರೆ. ಕಾಗದದಲ್ಲಿ ಇದಕ್ಕೆ ಮೂರನೇ ವ್ಯಕ್ತಿಯ ತಪಾಸಣೆ ಅಂತ ಹೆಸರು. ಕಟ್ಟುವವರು ಒಬ್ಬರು, ಕಟ್ಟಿಸುವವರು ಇನ್ನೊಬ್ಬರು, ಇಬ್ಬರ ಕೈಲೂ ಬೈಸಿಕೊಳ್ಳೋಕೆ ಮೂರನೆಯವಳು ನಾನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೇರಿ ನಾಲ್ಕು ತಾಲ್ಲೂಕು, ಒಂದು ಸ್ಕೂಟರು, ಒಂದು ಸುತ್ತಿಗೆ. ಸಿಟ್ಟು ಮಾತ್ರ ನಾಲ್ಕೂ ತಾಲ್ಲೂಕಿಗೆ ಹಂಚಿದರೂ ಮಿಗುವಷ್ಟಿದೆ. ಊರಿನವರು ನನ್ನ ಹೆಸರು ಕೇಳೋದೇ ಇಲ್ಲ. "ಸುತ್ತಿಗೆ ಮೇಡಂ ಬಂದ್ರು" ಅಂತಾರೆ, ಮಕ್ಕಳು ಮನೆಯೊಳಗೆ ಓಡುತ್ತಾರೆ.

ಹೋದ ದೀಪಾವಳಿ ಮುಗಿಯುತ್ತಿದ್ದ ಹಾಗೆ ನಮ್ಮ ಸಾಹೇಬರು ಕರೆದರು. "ಸರ್ಕಾರಿ ಮನೆ ಕಳಪೆ, ಕಳಪೆ ಅಂತ ಎಲ್ಲ ಕಡೆ ಗಲಾಟೆ. ಯಾಕೆ ಕಳಪೆ ಅಂತ ಕಾರಣ ಹುಡುಕಿ ಬರ್ಕೊಂಡು ಬನ್ನಿ. ಯುಗಾದಿ ಒಳಗೆ" ಅಂದರು.

"ಆಗಲಿ ಸರ್" ಅಂತ ಎದ್ದೆ.

ಬಾಗಿಲ ತನಕ ಹೋಗಿದ್ದೆ, ಹಿಂದಿನಿಂದ ಕೂಗಿದರು. "ಮೇಡಂ, ಕಾರಣ ಕೆಳಗಡೆ ಹುಡುಕಿ, ಆಯ್ತಾ? ಮೇಲೆ ಹುಡುಕೋಕೆ ಹೋಗಬೇಡಿ."

ಹನ್ನೆರಡು ವರ್ಷದ ಬಾಂಡ್ಲಿ

ಮೊದಲು ಹೋದದ್ದು ಜಗಳೂರು ತಾಲ್ಲೂಕಿನ ಸೊಕ್ಕೆಗೆ. ಅಲ್ಲಿ ಒಬ್ಬ ಅಕ್ಕನ ಮನೆಗೆ ಆಗಷ್ಟೇ ತಳಪಾಯ ತೋಡಿದ್ದರು. ಗಂಡ ಲಾರಿಗೆ ಮೆಕ್ಕೆಜೋಳದ ಚೀಲ ಹೊರುವ ಹಮಾಲಿ. ಈಕೆ ಗಾರೆ ಕೆಲಸದ ಆಳು. ದಾವಣಗೆರೆಯಲ್ಲಿ ಬೇರೆಯವರ ಮನೆಗೆ ಹನ್ನೆರಡು ವರ್ಷ ತಲೆ ಮೇಲೆ ಗಾರೆ ತುಂಬಿದ ಬಾಂಡ್ಲಿ ಹೊತ್ತವಳು. ಹಳೇ ಮಣ್ಣಿನ ಮನೆ ಬಿದ್ದ ಮೇಲೆ ಗಂಡ, ಎರಡು ಹೆಣ್ಣುಮಕ್ಕಳ ಜೊತೆ ಅಣ್ಣನ ಮನೆಯ ಒಂದು ಕೋಣೆಯಲ್ಲಿ ಇದ್ದಳು. ಈಗ ಅಣ್ಣನ ಮಗನಿಗೆ ಮದುವೆ ಗೊತ್ತಾಗಿತ್ತು. ಯುಗಾದಿ ಹೊತ್ತಿಗೆ ಆ ಕೋಣೆಗೆ ಸೊಸೆ ಬರುತ್ತಾಳೆ.

"ನಮ್ಮ ಅತ್ತಿಗೆ ಬಾಯಿಬಿಟ್ಟು ಹೋಗು ಅನ್ನಲ್ಲ ಮೇಡಂ" ಅಂದಳು ಅಕ್ಕ. "ಮೊನ್ನೆ ನಾನು ಮಲಗಿದ್ದೆ. ನನ್ನ ದಾಟ್ಕಂಡು ಹೋಗಿ ಮಂಚಕ್ಕೆ ಅಳತೆ ತಗಂಡ್ಲು."

ನಗುತ್ತಲೇ ಹೇಳಿದಳು. ಸರ್ಕಾರದ ಮನೆ ಒಬ್ಬರಿಗೆ ಒಂದೇ ಸಲ. ಕೆಟ್ಟರೆ ಕೆಟ್ಟಿತು, ಇನ್ನೊಂದು ಕೊಡುವುದಿಲ್ಲ. ಅದೂ ಯುಗಾದಿಯೊಳಗೆ ಮುಗಿದು, ಕೆಲಸ ಪೂರ್ಣ ಅಂತ ಸಾಹೇಬರ ಸಹಿ ಬಿದ್ದರೇ ಕರೆಂಟು ಮೀಟರು, ಹಕ್ಕುಪತ್ರ ಎಲ್ಲ.

ನಾನು ಗಂಭೀರವಾಗಿ ನೋಟ್‌ಬುಕ್ ತೆಗೆದು ಮೇಸ್ತ್ರಿಗೆ, "ಗಾರೆಗೆ ಒಂದು ಸಿಮೆಂಟಿಗೆ ಆರು ಮರಳು ಹಾಕ್ರಿ" ಅಂದೆ.

"ಆರು ಬ್ಯಾಡ, ನಾಕೇ ಇರ್ಲಿ" ಅಂದಳು ಅಕ್ಕ. "ಇಟ್ಟಿಗೆ ನೆನೆ ಹಾಕಿದ್ದೀಯೇನಪ್ಪಾ? ಆ ಮರಳಿನಾಗೆ ಮಣ್ಣೈತೆ, ಜರಡಿ ಹಿಡಿ. ಕಲಸಿದ್ದು ಅರ್ಧ ತಾಸಿನಾಗೆ ಖಾಲಿ ಆಗ್ಬೇಕು, ಬೀಡಿ ಗೀಡಿ ಸೇದ್ಕಂತ ಕುಂತ್ರೆ ನಾನು ಸುಮ್ಕಿರಲ್ಲ."

ನಾನು ನೋಟ್‌ಬುಕ್ ಮುಚ್ಚಿದೆ. ಸ್ಕೂಟರ್ ಹತ್ತುವಾಗ ಮೇಸ್ತ್ರಿ ಮೆಲ್ಲಗೆ ಬಂದು ನಿಂತ.

"ಮೇಡಂ, ನಿಮ್ಗೆ ಮೇಲಿನೋರೆಲ್ಲ ಪರಿಚಯ ಅಲ್ರಾ? ಈಯಮ್ಮನ್ನ ಎಲ್ಲಿಗಾದ್ರೂ ಟ್ರಾನ್ಸ್‌ಫರ್ ಮಾಡಿಸ್ರಿ."

ಮಾವನ ಬಾಗಿಲು

ಕತ್ತಲಗೆರೆ ದಾಟಿ ಒಳಗೆ ಹೋದರೆ ಒಂದು ಸಣ್ಣ ಹಳ್ಳಿ. ಅಲ್ಲಿ ಒಬ್ಬ ಯಜಮಾನರ ಮನೆ ಗೋಡೆ ಆಳೆತ್ತರ ದಾಟಿ ಮೇಲೆ ಬಂದಿತ್ತು. ಮುಂದಿನ ಗೋಡೆಯಲ್ಲಿ ಒಂದು ಬಿರುಕು. ಬಿರುಕು ಅಂದರೆ ಓರೆಯಾಗಿ, ಅಂಕುಡೊಂಕಾಗಿ ಹೋಗಬೇಕು. ಇದು ಹಾಗಲ್ಲ. ನೆಟ್ಟಗೆ ಮೇಲೆ ಹೋಗಿ, ಅಡ್ಡ ತಿರುಗಿ, ಮತ್ತೆ ನೆಟ್ಟಗೆ ಕೆಳಗೆ ಇಳಿದಿತ್ತು. ಇಷ್ಟು ಶಿಸ್ತಿನ ಬಿರುಕನ್ನು ನನ್ನ ಜನ್ಮದಲ್ಲೇ ನೋಡಿರಲಿಲ್ಲ.

"ಏನ್ರಿ ಇದು ಬಿರುಕು?" ಅಂತ ದಬಾಯಿಸಿದೆ.

"ಬಿರುಕಲ್ರಿ ಮೇಡಂ. ಅದು ನಮ್ಮ ಮಾವನ ಬಾಗಿಲು."

ವಿಚಾರಿಸಿದರೆ ಕಥೆ ಹೀಗೆ. ಮನೆಗೆ ಪೂರ್ವಕ್ಕೆ ಬಾಗಿಲು ಇಡಿಸಿದ್ದೇ ಹೆಣ್ಣು ಕೊಟ್ಟ ಮಾವ. ಹೊಸ್ತಿಲು ಪೂಜೆಯೂ ಆಯಿತು, ಪಾಯಸದ ಊಟವೂ ಆಯಿತು. ಊಟಕ್ಕೆ ಬಂದ ದೊಡ್ಡಪ್ಪ ಬಾಯಿ ಒರೆಸಿಕೊಳ್ಳುತ್ತಾ, "ಬಾಗಿಲಿಗೆ ಎದುರು ಕರೆಂಟು ಕಂಬ ಐತಲ್ಲೋ" ಅಂದರು. ಮಾರನೇ ದಿನ ಆ ಕಂಡಿಗೆ ಇಟ್ಟಿಗೆ ತುಂಬಿ, ನಾಲ್ಕು ಅಡಿ ಆಚೆ ಗೋಡೆ ಒಡೆದು ಇನ್ನೊಂದು ಬಾಗಿಲು. ಅಷ್ಟರಲ್ಲಿ ಹೆಂಡತಿಯ ತಂಗಿ ಗಂಡ, ಅಂದರೆ ಷಡ್ಡಕ, ಮೊಬೈಲಿನಲ್ಲಿ ವಾಸ್ತು ನೋಡಿಕೊಂಡು ಬಂದ. ಅವನ ಲೆಕ್ಕದಲ್ಲಿ ಬಾಗಿಲು ಉತ್ತರಕ್ಕೆ ಇರಬೇಕು. ಇದನ್ನೂ ಮುಚ್ಚಿದರು, ಅಲ್ಲಿ ಒಡೆದರು.

ಗೋಡೆ ಒಡೆದು ತುಂಬಿ, ತುಂಬಿ ಒಡೆದು, ಒಂದಕ್ಕೊಂದು ಬೆಸುಗೆಯೇ ಇಲ್ಲ. ಸುತ್ತಿಗೆ ತೆಗೆಯೋಕೇ ಭಯವಾಗಿ ಚೀಲದಲ್ಲೇ ಬಿಟ್ಟೆ. ಒಂದು ಸಣ್ಣ ಮನೆಗೆ ಇಷ್ಟು ಜನ ಇಂಜಿನಿಯರುಗಳು ಇದ್ದ ಮೇಲೆ ನನ್ನನ್ನು ಯಾಕೆ ಕಳಿಸುತ್ತಾರೋ ಅಂತ ಅನ್ನಿಸಿತು. ನೋಟ್‌ಬುಕ್ಕಿನಲ್ಲಿ 'ಕಾರಣ: ನೆಂಟರಿಷ್ಟರು' ಅಂತ ಬರೆದೆ.

"ಹೋಗ್ಲಿ, ಈಗ ಬಾಗಿಲು ಎಲ್ಲಿ?" ಅಂದೆ.

"ಉತ್ತರದ್ದೂ ಮುಚ್ಚಿಬಿಟ್ವಿ ಮೇಡಂ. ನಮ್ಮ ಚಿಕ್ಕಪ್ಪ ಒಬ್ರು ಬಂದು ನೋಡಾದು ಬಾಕಿ ಐತೆ."

"ಅಲ್ರೀ, ಮತ್ತೆ ಒಳಗೆ ಹೆಂಗೆ ಹೋಗ್ತೀರಿ?"

"ಸದ್ಯಕ್ಕೆ ಕಿಟಕಿನಾಗೆ ಹೋಗ್ತೀವಿ ರೀ. ಕಿಟಕಿಗೆ ಇನ್ನೂ ಯಾರೂ ತಕರಾರು ತೆಗೆದಿಲ್ಲ."

ಬಾಗಿಲಿನ ಡ್ಯೂಟಿ

ಈ ಮನೆಗಳಿಗೆ ಒಂದು ನಿಯಮ ಇದೆ. ತಳಪಾಯ ಆದಾಗ, ಗೋಡೆ ಎದ್ದಾಗ, ಮೇಲ್ಛಾವಣಿ ಹಾಕಿದಾಗ, ಎಲ್ಲ ಮುಗಿದಾಗ, ಹೀಗೆ ಒಂದೊಂದು ಹಂತಕ್ಕೂ ಮನೆಯವರನ್ನು ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಬೇಕು. ಫೋಟೋ ಹೋದರೆ ಮುಂದಿನ ಕಂತು ಬರುತ್ತದೆ. ಹಾಗಾಗಿ ನಮ್ಮ ಜನ ಮನೆ ಕಟ್ಟೋದನ್ನು ನಿಧಾನಕ್ಕೆ ಬಿಟ್ಟು ಫೋಟೋ ಕಟ್ಟೋದು ಕಲಿತುಬಿಟ್ಟರು.

ಸಾಸ್ವೆಹಳ್ಳಿ ಕಡೆಯ ಒಂದು ಊರಿನ ಫೋಟೋಗಳನ್ನು ನೋಡುತ್ತಾ ಕೂತಿದ್ದೆ. ಏಳು ಮನೆ, ಏಳೂ ಪೂರ್ಣ. ಗೋಡೆಗೆಲ್ಲ ಸುಣ್ಣ ಬಣ್ಣ, ಮನೆಯವರು ಹೊಸ ಸೀರೆ, ಹೊಸ ಅಂಗಿ. ಆದರೆ ಏನೋ ಕಣ್ಣಿಗೆ ಚುಚ್ಚುತ್ತಿತ್ತು. ದೊಡ್ಡದು ಮಾಡಿ ನೋಡಿದೆ. ಏಳು ಮನೆಯ ಬಾಗಿಲಲ್ಲೂ ಕೆಳಗಡೆ ಎಡಕ್ಕೆ ಅದೇ ನೀಲಿ ಕಲೆ, ಅದೇ ಲಕ್ಷ್ಮಿಯ ಸ್ಟಿಕ್ಕರು. ಸ್ಟಿಕ್ಕರಿನ ಒಂದು ಮೂಲೆ ಕಿತ್ತಿತ್ತು, ಅದೂ ಒಂದೇ ಥರ.

ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಬೇಕು ಅಂತ ಸಾಲಾಗಿ ಜೋಡಿಸಿಕೊಂಡೆ. ಮೊದಲನೇ ಮನೆ ಮುಂದೆ ನಿಂತರೆ ಬಾಗಿಲಿನ ಜಾಗದಲ್ಲಿ ಗೋಣಿಚೀಲ ತೂಗಾಡುತ್ತಿದೆ. ಹಿಂದಿನ ಗೋಡೆಗೆ ಸಿಮೆಂಟು ಸಾರಣೆಯೇ ಇಲ್ಲ. ಸುಣ್ಣ ಬಳಿದದ್ದು ಫೋಟೋಕ್ಕೆ ಬೀಳುವಷ್ಟೇ. ಒಬ್ಬ ಹೆಂಗಸು ಅಕ್ಕಿ ಕೇರುತ್ತಾ ಕೂತಿದ್ದಳು.

"ಬಾಗಿಲು ಎಲ್ಲಮ್ಮಾ?"

"ಬಾಗಿಲು ಡ್ಯೂಟಿ ಮೇಲೈತ್ರಿ" ಅಂದಳು, ಮೊರದಿಂದ ತಲೆ ಎತ್ತದೆ. "ಕೆಳಗಿನ ಕೇರಿಗೆ ಹೋಗೈತೆ. ಸಂಜಿಕ್ಕೆ ಬರ್ತೈತೆ."

ಸುಳ್ಳು ಹೇಳುವ ಧಾಟಿಯೇ ಇಲ್ಲ. ಗಂಡ ಕೆಲಸಕ್ಕೆ ಹೋಗಿದ್ದಾನೆ ಅನ್ನುವ ಹಾಗೆ ಹೇಳಿದಳು. ಅಲ್ಲಿ ಕರಿಮಣ್ಣು. ಎಷ್ಟು ತೋಡಿದರೂ ಗಟ್ಟಿ ನೆಲ ಸಿಗದೆ, ಬಂದ ದುಡ್ಡಿನಲ್ಲಿ ಮುಕ್ಕಾಲು ಪಾಲು ತಳಪಾಯವೇ ನುಂಗಿತ್ತು. ಬಾಗಿಲಿಗೆ ಯಾರ ಹತ್ತಿರವೂ ಉಳಿದಿರಲಿಲ್ಲ. ಕೇರಿಯವರೆಲ್ಲ ಕೂಡಿ ಒಂದು ಬಾಗಿಲು ಮಾಡಿಸಿ, ಯಾರ ಮನೆ ಫೋಟೋ ಇದೆಯೋ ಆ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಮಣ್ಣು ನೋಡದೆ ನಾಲ್ಕು ತಾಲ್ಲೂಕಿಗೂ ಒಂದೇ ಖರ್ಚಿನ ಅಂದಾಜು ಮಾಡಿದವರು ಯಾರೋ. ಜೋಡಿಸಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಅವರಿಗೇ ಎತ್ತಿಟ್ಟೆ.

ಅಷ್ಟರಲ್ಲಿ ಇಬ್ಬರು ಆ ಬಾಗಿಲನ್ನೇ ತಲೆ ಮೇಲೆ ಹೊತ್ತುಕೊಂಡು ಎದುರು ಬಂದರು. ನನ್ನನ್ನು ನೋಡಿ ಗಕ್ಕನೆ ನಿಂತು, ಬಾಗಿಲನ್ನು ರಸ್ತೆ ಮಧ್ಯೆ ನೆಟ್ಟಗೆ ಇಳಿಸಿ, ಅದರ ಹಿಂದೆ ಬಚ್ಚಿಟ್ಟುಕೊಂಡರು. ಕೆಳಗೆ ನಾಲ್ಕು ಕಾಲು ಕಾಣುತ್ತಿದ್ದವು.

"ಹೊರಗೆ ಬರ್ರಿ" ಅಂದೆ.

ಬೆವರು ಒರೆಸಿಕೊಳ್ಳುತ್ತಾ ಒಬ್ಬ ಮುಖ ತೋರಿಸಿದ. "ಮೇಡಂ, ನೀವೇ ಬಂದೀರಿ, ಕೆಳಗಿನ ಕೇರಿಯಾಗೆ ಉಳಿದ ಮೂರು ಮನೇವ್ರನ್ನೂ ಇಲ್ಲೇ ಕರಸ್ತೀವಿ, ಒಂದೇ ಸಲಕ್ಕೆ ಫೋಟೋ ಹೊಡ್ಕಂಬಿಡ್ರಿ. ಬೆಳಗಿಂದ ತಿರುಗಿ ಪಾಪ ಬಾಗಿಲಿಗೂ ಸುಸ್ತಾಗೈತೆ."

ಟ್ರಯಲ್

ನ್ಯಾಮತಿ ಕಡೆ ಅಡಿಕೆ ಕೊಯ್ಲಿನ ಸಮಯದಲ್ಲಿ ಮೇಸ್ತ್ರಿ ಸಿಗೋದಿಲ್ಲ. ಗೊನೆ ಇಳಿಸೋಕೆ, ಸುಲಿಯೋಕೆ, ಬೇಯಿಸೋಕೆ ಅಂತ ಎಲ್ಲರೂ ಅಡಿಕೆಗೆ ಹೋಗುತ್ತಾರೆ. ಅಲ್ಲಿ ಕೂಲಿ ಹೆಚ್ಚು, ಬಿಸಿಬಿಸಿ ಊಟ ಬೇರೆ. ಸರ್ಕಾರದವರು ಮಾತ್ರ ಅದೇ ಹೊತ್ತಿಗೆ, "ಬೇಗ ಮುಗಿಸಿ, ಇಲ್ಲದಿದ್ದರೆ ಮನೆ ರದ್ದು" ಅಂತ ನೋಟಿಸು ಕಳಿಸುತ್ತಾರೆ. ಆಗ ಯಾರು ಸಿಗುತ್ತಾರೋ ಅವರೇ ಮೇಸ್ತ್ರಿ.

ಅಂಥ ಒಂದು ಮನೆಗೆ ಹೋದೆ. ಮೇಸ್ತ್ರಿ ಕೊರಳಲ್ಲಿ ಅಳತೆ ಟೇಪು ಹಾರದ ಹಾಗೆ ಹಾಕಿಕೊಂಡಿದ್ದ. ಕಿವಿ ಸಂದಿಯಲ್ಲಿ ಸೀಮೆಸುಣ್ಣದ ಚೂರು. ಅದೂ ಚಪ್ಪಟೆಯದು. ನನಗೆ ಏನೋ ಅನುಮಾನ ಬಂತು.

"ಮೇಸ್ತ್ರಿ, ಮೊದಲು ಏನು ಕೆಲಸ ಮಾಡ್ತಿದ್ರಿ?"

"ಟೈಲರ್ ಇದ್ದೆ ಮೇಡಂ. ಈಗ ಎಲ್ಲ ರೆಡಿಮೇಡ್ ಆಗಿ ಅಂಗಡಿ ಮುಚ್ಚಿದೆ."

ಮನೆ ಸುತ್ತ ಒಂದು ಸುತ್ತು ಬಂದೆ. ಗೋಡೆ ಮೇಲೆ ಹೋಗುತ್ತಾ ಹೋಗುತ್ತಾ ಒಳಕ್ಕೆ ವಾಲಿತ್ತು. ತೂಕದ ಗುಂಡು ಇಳಿಬಿಟ್ಟು ತೋರಿಸಿ, "ನೋಡ್ರಿ, ಎರಡು ಇಂಚು ಓರೆ" ಅಂದೆ.

ಅವನು ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. "ಅದು ಹಂಗೇ ರೀ ಮೇಡಂ. ಒಂದು ಸಲ ನೀರಿಗೆ ಬಿದ್ರೆ ಸರಿ ಕೂರ್ತೈತೆ."

ಮೈಯೆಲ್ಲ ಉರಿದುಹೋಯಿತು. ಒಳಗೆ ಹೋದೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಇಟ್ಟಿಗೆಗಳು ಒಂದಕ್ಕೊಂದು ಹೆಣೆದುಕೊಂಡಿರಲಿಲ್ಲ, ಸುಮ್ಮನೆ ಪಕ್ಕಪಕ್ಕ ನಿಂತಿದ್ದವು. "ಇದೇನು ಮಧ್ಯೆ ಸಂದಿ?" ಅಂತ ಕೂಗಿದೆ.

"ಮಾರ್ಜಿನ್ ಬಿಟ್ಟೀನ್ರಿ. ಮುಂದೆ ಸಂಸಾರ ದೊಡ್ಡದಾದ್ರೆ ಬಿಚ್ಚಿ ಸ್ವಲ್ಪ ಅಗಲ ಮಾಡ್ಕೋಬಹುದು."

ಮನೆಯ ಯಜಮಾನ ಪಕ್ಕದಲ್ಲೇ ನಿಂತು, ಎಂಥ ಮುಂದಾಲೋಚನೆ ನೋಡಿ ಅನ್ನುವ ಹಾಗೆ ತಲೆದೂಗುತ್ತಿದ್ದ. ನಾನು ಸುತ್ತಿಗೆ ತೆಗೆದು, ಸಾರಣೆ ಆಗಿದ್ದ ಪಕ್ಕದ ಗೋಡೆಗೆ ಮೆಲ್ಲಗೆ, ಆಣೆ ಮಾಡಿ ಹೇಳುತ್ತೇನೆ, ಮೆಲ್ಲಗೆ ಒಂದು ಏಟು ಹಾಕಿದೆ. ಒಂದು ಮಂಚದಷ್ಟು ಅಗಲದ ಸಾರಣೆ ದೊಪ್ಪೆಂದು ನನ್ನ ಕಾಲ ಬುಡದಲ್ಲಿ ಬಿತ್ತು. ಯಜಮಾನನ ಮುಖ ಬಿಳಿಚಿಕೊಂಡಿತು.

ಟೈಲರ್ ಮೇಸ್ತ್ರಿ ಮಾತ್ರ ಕದಲಲಿಲ್ಲ. "ಯಾಕೆ ಗಾಬರಿ ಆಗ್ತೀರಿ? ಮೇಡಮ್ಮೋರನ್ನ ಕರೆದಿದ್ದು ಟ್ರಯಲ್‌ಗೆ. ಡೆಲಿವರಿ ಇನ್ನೂ ಎಲ್ಲೈತೆ?"

ಬೇವಿನ ಸೊಪ್ಪು

ಅದೇ ಊರಿನಲ್ಲಿ ಇನ್ನೊಂದು ಮನೆ. ಯಜಮಾನಿ ಒಬ್ಬ ಅಜ್ಜಿ. ಮಳೆಗಾಲಕ್ಕೆ ಮುಂಚೆಯೇ ಸಿಮೆಂಟು ತರಿಸಿ ಇಟ್ಟಿದ್ದಳಂತೆ, ಆಮೇಲೆ ರೇಟು ಏರುತ್ತದೆ ಅಂತ. "ಎಲ್ಲಿಟ್ಟಿದ್ದೀಯಜ್ಜಿ, ತೋರಿಸು" ಅಂದೆ. ಅಟ್ಟದ ಕೆಳಗೆ ರಾಗಿ ಚೀಲದ ಪಕ್ಕ ಜೋಡಿಸಿಟ್ಟಿದ್ದಳು. ಎಲ್ಲ ಚೀಲದ ಬಾಯೂ ಬಿಚ್ಚಿತ್ತು. ಒಂದರೊಳಗೆ ಕೈ ಹಾಕಿದೆ. ಕೈಗೆ ಏನೋ ಒಣಗಿದ್ದು ಸಿಕ್ಕಿತು. ಎಳೆದರೆ ಬೇವಿನ ಸೊಪ್ಪು, ಕಡ್ಡಿ ಸಮೇತ.

"ಇದೇನಜ್ಜೀ!"

"ಹೊಸ ಸೊಪ್ಪೇ ಕಣವ್ವಾ, ದಸರಾಕ್ಕೆ ಬದಲಾಯಿಸೀನಿ."

ರಾಗಿಗೆ ಮಾಡುವ ಉಪಚಾರವನ್ನೆಲ್ಲ ಸಿಮೆಂಟಿಗೂ ಮಾಡಿದ್ದಳು. ತಿಂಗಳಿಗೊಮ್ಮೆ ಬಾಯಿ ಬಿಚ್ಚಿ ಗಾಳಿಗೆ ಹರವಿ, ಕೈಯಾಡಿಸಿ, ಮತ್ತೆ ತುಂಬುವುದು. ಮಳೆಗಾಲದ ತಂಡಿಯನ್ನೆಲ್ಲ ಹೀರಿ ಒಳಗೆ ಕಲ್ಲು ಕಲ್ಲಾಗಿತ್ತು. ಆ ಗಂಟುಗಳನ್ನೂ ಬಿಟ್ಟಿರಲಿಲ್ಲ, ಒನಕೆಯಲ್ಲಿ ಕುಟ್ಟಿ ಜರಡಿ ಹಿಡಿದು ನುಣ್ಣಗೆ ಮಾಡಿ ಇಟ್ಟಿದ್ದಳು. ಒಂದು ಸಲ ಗಟ್ಟಿಯಾದ ಸಿಮೆಂಟನ್ನು ಎಷ್ಟು ಕುಟ್ಟಿದರೂ ಅದು ಬರೀ ಬೂದಿ ಅಂತ ತಿಳಿಸಿ ಹೇಳಿದೆ. ಕೆಟ್ಟುಹೋಗಿದೆ, ಬಿಸಾಕಬೇಕು ಅಂದೆ. ನನ್ನ ದನಿ ಏರಿರಬೇಕು, ಅಕ್ಕಪಕ್ಕದವರು ಇಣುಕಿದರು.

ಅಜ್ಜಿಗೆ ಕಣ್ಣು ತುಂಬಿತು ಅಂದುಕೊಂಡಿರಾ? ಇಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಮುಖದ ಹತ್ತಿರ ಬಂದಳು.

"ಕೆಟ್ಟೈತೆ? ಎಲ್ಲಿ, ಒಂದು ಹುಳ ತೆಗೆದು ತೋರ್ಸು ನೋಡಾನ!"

ಆ ಅಜ್ಜಿಗೆ ಪಂಚಾಯಿತಿಯವರ ಕೈಕಾಲು ಹಿಡಿದು ಒಂದಷ್ಟು ಹೊಸ ಚೀಲ ಕೊಡಿಸಿದೆ. ಆಮೇಲೆ ಅನುಮಾನ ಬಂದು ಸೊಕ್ಕೆಯ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಸಿಮೆಂಟು ಎಲ್ಲಿಟ್ಟಿದ್ದೀಯ?"

"ಹಲಗೆ ಮ್ಯಾಲೆ, ಗೋಡಿಗೆ ತಾಗ್ದಂಗೆ, ತಾಡಪಾಲು ಹೊಚ್ಚಿ ಇಟ್ಟೀನಿ ಮೇಡಂ. ಯಾಕೆ?"

"ಏನಿಲ್ಲ ಬಿಡು" ಅಂದೆ. ಅವಳ ತೊಂದರೆ ಬೇರೆ ಇತ್ತು. ಸಂಕ್ರಾಂತಿ ಎದುರಿಗಿದೆ, ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಹಾಕುವ ದಿನ ಹತ್ತಿರ ಬಂದಿದೆ, ಮೇಸ್ತ್ರಿ ಹೇಳದೆ ಕೇಳದೆ ಊರಿಗೆ ಓಡಿಹೋಗಿದ್ದ. ಇವಳು ಬಾಂಡ್ಲಿ ತಗೊಂಡು ಅವನ ಊರಿಗೇ ಹೋಗಿ ಅವನ ಮನೆ ಜಗಲಿ ಮೇಲೆ ಕೂತಳಂತೆ. ಎರಡನೇ ದಿನ ಅವನ ಹೆಂಡತಿಯೇ ಅವನನ್ನು ಬಸ್ಸು ಹತ್ತಿಸಿದಳು. "ಈ ಹೆಂಗಸಿಗೆ ಹೆದರಿ ಓಡಿ ಬಂದಿ. ಈಗ ನಾವು ಎಲ್ಲಿಗೆ ಓಡಾದು?" ಅಂದಳಂತೆ.

ತಾರಸಿ ಸ್ನಾನ

ಮೋಲ್ಡ್ ಹಾಕಿದ ಮೇಲೆ ಎರಡು ಮೂರು ವಾರ ಅದಕ್ಕೆ ನೀರು ಉಣಿಸಬೇಕು. ಇಲ್ಲದಿದ್ದರೆ ತಾರಸಿ ಬಿರುಕು ಬಿಡುತ್ತದೆ. ಜಗಳೂರು ಕಡೆ ಇದನ್ನು ಹೇಳೋಕೇ ನನಗೆ ಬಾಯಿ ಬರುವುದಿಲ್ಲ. ಕುಡಿಯೋ ನೀರಿಗೇ ಕೊಡ ಸಾಲಿಡುವಾಗ ಕಾಂಕ್ರೀಟಿಗೆ ಕುಡಿಸಿ ಅಂದರೆ ಯಾರು ಕೇಳುತ್ತಾರೆ? ಅರ್ಧಕ್ಕರ್ಧ ಮನೆ ಸೋರುವುದು ಇದಕ್ಕೇ.

ಮೋಲ್ಡ್ ಹಾಕಿ ಐದಾರು ದಿನಕ್ಕೆ ಸೊಕ್ಕೆಗೆ ಹೋದೆ. ದೂರದಿಂದಲೇ ನೋಡಿ ಸ್ಕೂಟರ್ ನಿಲ್ಲಿಸಿಬಿಟ್ಟೆ. ತಾರಸಿ ಮೇಲೆ ಸುತ್ತಲೂ ಹಳೇ ಸೀರೆ ಕಟ್ಟಿದ್ದರು. ಮೇಲಿಂದ ಬಿಸಿನೀರಿನ ಹಬೆ ಏಳುತ್ತಿತ್ತು. ಏಣಿ ಬುಡದಲ್ಲಿ ಕೇರಿಯ ಹೆಂಗಸರು ಬಕೆಟ್ಟು, ಬಟ್ಟೆ ಹಿಡಿದು ಸಾಲು ನಿಂತಿದ್ದರು. ಅಕ್ಕನ ದೊಡ್ಡ ಮಗಳು ಒಬ್ಬೊಬ್ಬರನ್ನೇ ಮೇಲೆ ಬಿಡುತ್ತಿದ್ದಳು.

"ಏನಕ್ಕಾ ಇದು?"

"ಸ್ನಾನ ಎಲ್ಲಾದ್ರೂ ಮಾಡಲೇಬೇಕಲ್ಲ ಮೇಡಂ. ಆ ನೀರು ಚರಂಡಿಗೆ ಹೋಗಾ ಬದ್ಲು ನಮ್ಮ ಮನಿ ಮ್ಯಾಲೆ ಬೀಳ್ಲಿ ಅಂತ ಎಲ್ರಿಗೂ ಕೇಳ್ಕಂಡೆ. ಬಟ್ಟೆನೂ ಅಲ್ಲೇ ಜಾಲಿಸ್ತಾರೆ."

"ಸೋಪಿನ ನೀರು ಆಗಲ್ಲಕ್ಕಾ..."

"ಗೊತ್ತು ಬಿಡ್ರಿ. ಸೋಪು ಹಚ್ಚಿ ತೊಳ್ಕಣಾದು ಕೆಳಗೆ, ಬರೀ ನೀರು ಹುಯ್ಕಣಾದು ಮ್ಯಾಲೆ."

ನನ್ನ ಕಣ್ಣಲ್ಲಿ ನೀರು ಬಂತು, ನಗು ಯಾವುದು ಅಳು ಯಾವುದು ತಿಳಿಯದ ಹಾಗೆ. ನಾಲ್ಕು ತಾಲ್ಲೂಕಿನಲ್ಲಿ ಇಷ್ಟು ಚೆನ್ನಾಗಿ ನೀರು ಕುಡಿದ ತಾರಸಿ ಇನ್ನೊಂದಿಲ್ಲ. ಅಷ್ಟರಲ್ಲಿ ಅಕ್ಕನ ಅತ್ತಿಗೆಯೇ, ಆ ಮಂಚಕ್ಕೆ ಅಳತೆ ತಗೊಂಡವಳೇ, ತಲೆಗೆ ಎಣ್ಣೆ ಹಚ್ಚಿಕೊಂಡು ಬಕೆಟ್ಟು ಹಿಡಿದು ಬಂದಳು. "ಇವ್ರೂ ಬರ್ತಾರಾ?" ಅಂತ ಪಿಸುಗುಟ್ಟಿದೆ.

ಅಕ್ಕ ನನಗಿಂತ ಮೆಲ್ಲಗೆ ಅಂದಳು. "ದಿನಕ್ಕೆ ಎಲ್ಡು ಸಲ ಮಾಡ್ತಾಳೆ ಮೇಡಂ. ಜಲ್ದಿ ಗಟ್ಟಿ ಆದ್ರೆ ಜಲ್ದಿ ಹೋಗ್ತೀವಿ ಅಂತ ಆಸೆ."

ನಮ್ಮದೇ ಮನೆ

ಯುಗಾದಿಗೆ ಹದಿನೈದು ದಿನ ಇರುವಾಗ ಸೊಕ್ಕೆಯ ಮನೆ ಮುಗಿಯಿತು. ಚಿಕ್ಕ ಮನೆ. ಒಂದು ಹಜಾರ, ಒಂದು ಕೋಣೆ, ಅಡಿಗೆಮನೆ, ಪಕ್ಕದಲ್ಲಿ ಪಾಯಿಖಾನೆ. ಗೋಡೆಗೆ ಕಿವಿ ಇಟ್ಟು ಕುಟ್ಟಿದರೆ ಬಂಡೆ ಕುಟ್ಟಿದ ಸದ್ದು. ಮೂಲೆ ಮೂಲೆ ನೆಟ್ಟಗೆ. ನಾನು ಹೆಮ್ಮೆಯಿಂದ ಸಾಹೇಬರಿಗೆ ಫೋನ್ ಮಾಡಿ, "ಸರ್, ನೀವೇ ಬಂದು ನೋಡಿ" ಅಂದೆ. ಇದು ನಾನು ಮಾಡಿದ ದೊಡ್ಡ ತಪ್ಪು.

ಸಾಹೇಬರು ಬಂದರು. ಸ್ವಲ್ಪ ಸ್ಥೂಲ ಮೈ, ಬಿಸಿಲಿಗೆ ಏದುಸಿರು. ಮನೆ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು. ಒಳಗೆ ಹೋದರು. ನನ್ನ ಸುತ್ತಿಗೆ ಇಸಿದುಕೊಂಡು ಒಂದು ಕಡೆ ಕುಟ್ಟಿದರು, ಇನ್ನೊಂದು ಕಡೆ ಕುಟ್ಟಿದರು. ಏನೂ ಉದುರಲಿಲ್ಲ. ಏಣಿ ಹಾಕಿಸಿ ತಾರಸಿ ಮೇಲೆ ಒಂದು ಕೊಡ ನೀರು ಸುರಿಸಿ, ಕೆಳಗೆ ಬಂದು ಮೇಲೆ ನೋಡುತ್ತಾ ನಿಂತರು. ಒಂದು ಹನಿ ಬೀಳಲಿಲ್ಲ. ಮುಖ ಗಂಟಾಗುತ್ತಾ ಹೋಯಿತು.

"ಮೇಡಂ, ಇದು ಸರ್ಕಾರಿ ಮನೆ ಅಲ್ಲ" ಅಂದರು.

"ಸರ್?"

"ನಾನು ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ. ಸರ್ಕಾರ ಕೊಡೋದ್ರಲ್ಲಿ ಹಿಂಗೆ ಕಟ್ಟೋಕೆ ಆಗಲ್ಲ. ಯಾರೋ ದುಡ್ಡಿರೋರು ಕಟ್ಟಿಸಿ ಈಯಮ್ಮನ ಹೆಸರಲ್ಲಿ ತೋರಿಸ್ತಿದಾರೆ. ಇವರು ನಿಜವಾದ ಬಡವರೇ ಅಲ್ಲ."

ಫೈಲಿನಲ್ಲಿ 'ಅನುಮಾನಾಸ್ಪದ, ವಿಚಾರಣೆ ಆಗಬೇಕು' ಅಂತ ಬರೆಯೋಕೆ ಪೆನ್ನು ತೆಗೆದರು. ವಿಚಾರಣೆ ಅಂದರೆ ಒಂದು ವರ್ಷ. ಸಹಿ ಇಲ್ಲ, ಮೀಟರು ಇಲ್ಲ. ಪೂರ್ತಿ ಮನೆಯೇ ರದ್ದಾದರೂ ಆಶ್ಚರ್ಯವಿಲ್ಲ. ಅಕ್ಕನ ಗಂಡ ಗೋಡೆ ಹಿಡಿದು ಕೂತುಬಿಟ್ಟ. ಅಕ್ಕ ತನ್ನ ಎರಡೂ ಅಂಗೈ ಚಾಚಿ ಸಾಹೇಬರ ಮುಂದೆ ಹಿಡಿದಳು, ಸಿಮೆಂಟು ತಿಂದು ಸೀಳಿದ ಕೈ. "ನಾನೇ ಹೊತ್ತೀನ್ರಿ ಸಾಹೇಬ್ರೆ. ಪ್ರತಿ ಬಾಂಡ್ಲೀನೂ ನಾನೇ ಹೊತ್ತೀನಿ" ಅಂದಳು. ಅವಳ ದನಿ ನಡುಗಿದ್ದು ನಾನು ಕೇಳಿದ್ದು ಅದೊಂದೇ ಸಲ.

ನಾನು ಸಿಟ್ಟಿನಲ್ಲಿ ಏನೇನೋ ಮಾತಾಡಿದೆ. ಸ್ನಾನದ ಕಥೆ ಹೇಳಿದೆ, ಅವರು ನಂಬಲಿಲ್ಲ. ಮೇಸ್ತ್ರಿಯನ್ನು ಕರೆದು ಕೇಳಿಸಿದೆ. "ಸಾಹೇಬ್ರೆ, ನನ್ನ ಜೀವ ತೆಗೆದು ಕಟ್ಟಿಸ್ಯಾಳೆ" ಅಂತ ಅವನು ಕಣ್ಣೀರು ಹಾಕಿದ. ಅದನ್ನೂ ನಂಬಲಿಲ್ಲ. ಕೊನೆಗೆ ನನಗೆ ಬುದ್ಧಿ ಎಲ್ಲಿ ಹೋಯಿತೋ, "ಸರ್, ಒಂದೇ ಒಂದು ದೋಷ ಹುಡುಕಿ ತೋರಿಸ್ತೀನಿ, ಆಗ ಸಹಿ ಹಾಕ್ತೀರಾ?" ಅಂದೆ. ಅವರು ಹೂಂ ಅಂದರು, ಹುಡುಕೋಕೆ ಶುರು ಮಾಡಿದೆವು. ನಾನು, ಮೇಸ್ತ್ರಿ, ಗಂಡ, ಎರಡು ಹೆಣ್ಣುಮಕ್ಕಳು, ಅತ್ತಿಗೆ ಸಮೇತ ಮನೆಯೆಲ್ಲ ಮಂಡಿಯೂರಿ ಜಾಲಾಡಿದೆವು. ಒಂದು ಕೂದಲೆಳೆ ಬಿರುಕೂ ಇಲ್ಲ. ಅಕ್ಕ ಮಾತ್ರ ಬರಲಿಲ್ಲ. ಬಾಗಿಲಲ್ಲೇ ನಿಂತು, "ಇದ್ರೆ ತಾನೇ ಸಿಗಾಕೆ" ಅಂದಳು.

ಈ ಗಲಾಟೆಯಲ್ಲಿ ಸಾಹೇಬರು ಅತ್ತಿಗೆ ಕೊಟ್ಟ ಮಜ್ಜಿಗೆಯನ್ನು ಮೂರು ಲೋಟ ಕುಡಿದಿದ್ದರು. "ಒಂದು ನಿಮಿಷ" ಅಂತ ಪೆನ್ನು ಜೇಬಿಗಿಟ್ಟು ಪಾಯಿಖಾನೆ ಕಡೆ ಹೋದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಧಡ್ ಧಡ್ ಅಂತ ಬಡಿತ ಕೇಳಿಸಿತು.

"ಮೇಡಂ! ಬಾಗಿಲು ತೆಗೀರಿ!"

"ಚಿಲಕ ಒಳಗಡೆ ಇದೆ ಸರ್!"

"ಚಿಲಕ ತೆಗ್ದೀನ್ರಿ! ಬಾಗಿಲು ಒಳಕ್ಕೆ ತೆಗೀಬೇಕು, ತೆಗ್ಯೋಕೆ ನಾನು ಅಡ್ಡ ನಿಂತೀನಿ! ನಾನು ಸರಿಯೋಕೆ ಜಾಗ ಇಲ್ಲ!"

ಮನೆಯ ನಕ್ಷೆಯಲ್ಲಿ ಪಾಯಿಖಾನೆ ಇರಲಿಲ್ಲ, ಆಮೇಲೆ ಸೇರಿಸಬೇಕಾಗಿ ಬಂತು. ಅದನ್ನು ಒಂದು ದಿನ ಅವಸರದಲ್ಲಿ ಸ್ಕೂಟರ್ ಸೀಟಿನ ಮೇಲೆ ಕಾಗದ ಇಟ್ಟು ಗೀಚಿಕೊಟ್ಟವಳು ನಾನು. ಮೂರಡಿ ಅಗಲದ ಕೋಣೆಗೆ ಒಳಕ್ಕೆ ತೆರೆಯುವ ಬಾಗಿಲು ಬರೆದಿದ್ದೆ. ಮೇಸ್ತ್ರಿ ನನ್ನ ಕಡೆ ನೋಡಿ, "ನಾನು ಅವತ್ತೇ ಹೊರಕ್ಕೆ ತೆಗೆಯಂಗೆ ಇಡಾನ ಅಂದೆ ಮೇಡಂ, ಈಯಮ್ಮ ಬಿಡ್ಲಿಲ್ಲ. ಇಂಜಿನಿಯರು ಬರೆದಂಗೇ ಇರ್ಬೇಕು ಅಂದ್ಲು" ಅಂದ.

ಸಾಹೇಬರು ಪಾಯಿಖಾನೆ ಗುಂಡಿಯ ಅಂಚಿನ ಮೇಲೆ ಒಂದು ಕಾಲು, ನಲ್ಲಿ ಮೇಲೆ ಒಂದು ಕಾಲು ಇಟ್ಟು, ಹೊಟ್ಟೆ ಒಳಕ್ಕೆಳೆದುಕೊಂಡು, ಅಂತೂ ಇಂತೂ ಬಾಗಿಲಿನ ಸಂದಿಯಿಂದ ಅಡ್ಡಡ್ಡ ಹೊರಗೆ ಬಂದರು. ಅಂಗಿಯ ಒಂದು ಗುಂಡಿ ಒಳಗೇ ಉಳಿಯಿತು. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತೆ. ಅವರ ಮುಖ ಎಷ್ಟೋ ವರ್ಷದ ಮೇಲೆ ಸ್ವಂತ ಊರಿಗೆ ಬಂದವರ ಹಾಗೆ ಅರಳಿತ್ತು.

"ಹಾಂ! ಇದು ನಮ್ಮದೇ ಮನೆ ಕಣ್ರೀ!" ಅಂದರು. "ಅನುಮಾನವೇ ಇಲ್ಲ. ಕೊಡಿ, ಎಲ್ಲಿ ಸಹಿ ಹಾಕಬೇಕು?"

ಗೋಡೆಗೆ ಫೈಲು ಒತ್ತಿ ಹಿಡಿದು ಅಲ್ಲೇ ಸಹಿ ಹಾಕಿದರು. ಮೇಸ್ತ್ರಿ ಉತ್ಸಾಹದಿಂದ, "ಆ ಬಾಗಿಲು ನಾಳೆನೇ ಹೊರಗಡೆ ತಿರುಗಿಸ್ಬಿಡ್ತೀನಿ ಸಾಹೇಬ್ರೆ" ಅಂದ.

"ಮುಟ್ಟೀಯ!" ಅಂತ ಸಾಹೇಬರು ಗದರಿದರು. "ಮೀಟರು ಬರೋ ತನಕ ಹಂಗೇ ಇರಲಿ. ನಾಳೆ ನನ್ನ ಮೇಲಿನವರು ಬಂದು ನೋಡಿದರೆ ಏನು ತೋರಿಸ್ತೀಯ?"

ಸಾಹೇಬರ ಜೀಪು ಹೋಯಿತು. ಅಕ್ಕ ಹೊಸ ಮನೆಯ ಗೋಡೆಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಏನು ಮಾಡಬೇಕೋ ತಿಳಿಯದೆ ಅಂಗಳ ಗುಡಿಸಲು ಶುರು ಮಾಡಿದ. ನನಗೆ ಅವಳ ಹತ್ತಿರ ಹೋಗೋಕೂ ನಾಚಿಕೆ. ಆದರೂ ಹೋಗಿ, "ತಪ್ಪಾಯ್ತಕ್ಕಾ, ಇಡೀ ಮನೇಲಿ ಇರೋದು ಅದೊಂದೇ ದೋಷ, ಅದೂ ನಂದೇ" ಅಂದೆ.

ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಹಂಗನ್ನಬ್ಯಾಡ್ರಿ ಮೇಡಂ. ಅದನ್ನೂ ನೀವು ಸರಿಯಾಗಿ ಬರೆದಿದ್ರೆ, ಇವತ್ತು ನಮ್ಗೆ ಮನೆ ಇಲ್ದಂಗೆ ಆಗ್ತಿತ್ತು."